ಬಿಸಿಲೇನೋ ಇದೆ, ಹಗ್ಗ ಎಲ್ಲಿ ಕಟ್ಟೋಣ?

(ಮೇ 28ರಂದು ರಾಯಚೂರಿನಲ್ಲಿ ಸ್ವಸಹಾಯ ಸಂಘದ ಮಹಿಳೆಯರು ಮತ್ತು ಕಾಲೇಜು ವಿದ್ಯಾರ್ಥಿನಿಯರ ಮುಂದೆ ನಿವೃತ್ತ ವಿಜ್ಞಾನ ಶಿಕ್ಷಕಿಯೊಬ್ಬರು ಆಡಿದ ಮಾತುಗಳ ಬರಹ ರೂಪ)

ಮೊದಲು ಈ ಮುಟ್ಟಿನ ಪ್ಯಾಡನ್ನು ಹರಿದು ನೋಡೋಣ. ಹಿಂದಿನ ಸಾಲಿನವರಿಗೂ ಕಾಣಲಿ ಅಂತ ಎತ್ತಿ ಹಿಡಿದಿದ್ದೇನೆ. ಹುಡುಗಿಯರು ಆಗಲೇ ಬಾಯಿಗೆ ದುಪಟ್ಟಾ ಅಡ್ಡ ಹಿಡಿದಿದ್ದೀರಿ. ನಗು ಬಂದರೆ ನಕ್ಕುಬಿಡಿ, ಆಮೇಲೆ ನೋಡಿದರಾಯಿತು. ಹತ್ತನೇ ಕ್ಲಾಸಿನಲ್ಲಿ ಆ ಒಂದು ಪಾಠ ಬಂದಾಗೆಲ್ಲ ನಾನು ಇದೇ ನಗು ಕೇಳಿದ್ದೇನೆ.

ಮೇಲಿನ ಪದರ ಮುಟ್ಟಿದರೆ ಬಟ್ಟೆಯ ಹಾಗಿದೆ. ಬಟ್ಟೆ ಅಲ್ಲ. ಹೆಚ್ಚಿನ ಪ್ಯಾಡುಗಳಲ್ಲಿ ಇದು ಪಾಲಿಪ್ರೊಪಿಲೀನ್ ಅಥವಾ ಪಾಲಿಎಥಿಲೀನ್. ಅಕ್ಕಿ, ಸಿಮೆಂಟ್ ತುಂಬುವ ಚೀಲ ಇದೆಯಲ್ಲ, ಅದರ ಎಳೆಯೂ ಪಾಲಿಪ್ರೊಪಿಲೀನೇ. ಸೋರದ ಹಾಗೆ ತಡೆಯುವ ಕೆಳಗಿನ ಪದರ ಕ್ಯಾರಿಬ್ಯಾಗಿನ ಜಾತಿಯದು. ನಡುವೆ ಬೆಳ್ಳಗೆ ಅರಳೆಯ ಹಾಗೆ ಕಾಣುವುದು ಹತ್ತಿ ಅಂದುಕೊಂಡಿದ್ದೀರಿ ಅಲ್ವಾ? ಅದು ಮರದ ತಿರುಳು. ಕಾಗದ ಮಾಡುತ್ತಾರಲ್ಲ, ಅಂಥದ್ದು. ಆ ತಿರುಳಿನೊಳಗೆ ಸಕ್ಕರೆ ಹರಳಿನಂಥ ಪುಡಿ ಇದೆ ನೋಡಿ. ಹೆಸರು ಸೋಡಿಯಂ ಪಾಲಿಅಕ್ರಿಲೇಟ್. ಇದನ್ನು ಲೋಟಕ್ಕೆ ಹಾಕಿ ನೀರು ಬಿಡುತ್ತೇನೆ. ಉಬ್ಬಿತು. ಈಗ ಲೋಟ ಬೋರಲು ಹಾಕಿದರೂ ಬೀಳುತ್ತಿಲ್ಲ. ಇದಕ್ಕೇ ಒಂದು ಚಮಚ ಉಪ್ಪು ಹಾಕಿ ತಿರುವುತ್ತೇನೆ. ಗಟ್ಟಿಯಾಗಿದ್ದದ್ದು ನೀರು ಬಿಟ್ಟಿತು, ನೋಡಿದಿರಾ? ಉಪ್ಪು ಬಿದ್ದರೆ ಇದರ ಹಿಡಿಯುವ ಶಕ್ತಿ ಕುಗ್ಗುತ್ತದೆ. ರಕ್ತದಲ್ಲೂ ಉಪ್ಪಿದೆ. ಜಾಹೀರಾತಿನ ನೀಲಿ ನೀರಿನ ಲೆಕ್ಕ ನಮ್ಮ ಮೈಗೆ ಯಾಕೆ ಕೂಡುವುದಿಲ್ಲ ಅಂತ ಗೊತ್ತಾಯಿತಲ್ಲ.

ಹೆದರಿಸಲು ಇದನ್ನು ಹರಿಯಲಿಲ್ಲ. ಕೈಗೆ ಬಂದ ವಸ್ತುವಿನ ಒಳಗೆ ಏನಿದೆ ಅಂತ ನೋಡದೆ ಒಳ್ಳೆಯದು ಕೆಟ್ಟದ್ದು ಹೇಳುವುದು ನನಗೆ ಆಗದು.

ಒಂದು ಮುಟ್ಟಿನಲ್ಲಿ ಹೋಗುವ ರಕ್ತ ಸಾಮಾನ್ಯವಾಗಿ 30ರಿಂದ 40 ಮಿಲಿ. ಹೋಟೆಲಿನ ಸಣ್ಣ ಚಹಾ ಲೋಟದ ಅರ್ಧದಷ್ಟು. 80 ಮಿಲಿ ದಾಟಿದರೆ ಜಾಸ್ತಿ ಅಂತ ಲೆಕ್ಕ, ಆಗ ಯಾವ ಪ್ಯಾಡ್ ಅಂತ ಯೋಚಿಸುವ ಮೊದಲು ಡಾಕ್ಟರಿಗೆ ತೋರಿಸಬೇಕು. ಇಷ್ಟು ರಕ್ತಕ್ಕೆ ತಿಂಗಳಿಗೆ ಹನ್ನೆರಡು ಪ್ಯಾಡ್ ಅಂದುಕೊಳ್ಳಿ. ವರ್ಷಕ್ಕೆ 144. ಮೂವತ್ತೈದು ವರ್ಷಕ್ಕೆ ಐದು ಸಾವಿರ ದಾಟುತ್ತದೆ. ಒಬ್ಬಳದು ಇದು.

ಇವು ಮಣ್ಣಿಗೆ ಸೇರಲು 500 ವರ್ಷ ಬೇಕು, 800 ವರ್ಷ ಬೇಕು ಅಂತ ಭಾಷಣಗಳಲ್ಲಿ ಕೇಳಿರುತ್ತೀರಿ. ಪಾಲಿಎಥಿಲೀನ್ ಅನ್ನುವುದು ಸಿಕ್ಕಿದ್ದೇ 1933ರಲ್ಲಿ. ಐನೂರು ವರ್ಷ ಕಾದು ನೋಡಿದವರು ಯಾರೂ ಇಲ್ಲ, ಅದೊಂದು ಅಂದಾಜು. ನಾನು ಅಷ್ಟು ದೂರ ಹೋಗುವುದಿಲ್ಲ. ನಮ್ಮ ಶಾಲೆಯ ಹಿತ್ತಲಿನ ಎರೆ ಮಣ್ಣಿನಲ್ಲಿ ಒಂದು ಹೊಸ ಪ್ಯಾಡ್, ಪಕ್ಕದಲ್ಲಿ ಅಷ್ಟೇ ಅಗಲದ ಹಳೆಯ ಹತ್ತಿ ಬಟ್ಟೆ ಹೂಳಿಸಿದ್ದೆ. ಮರುವರ್ಷ ಮಕ್ಕಳೇ ಅಗೆದರು. ಬಟ್ಟೆಯಲ್ಲಿ ನಾಲ್ಕು ಎಳೆ ಉಳಿದಿತ್ತು. ಪ್ಯಾಡಿನ ತಿರುಳು ಹೋಗಿತ್ತು, ಮೇಲಿನದು ಕೆಳಗಿನದು ಎರಡೂ ಹಾಗೇ ಇದ್ದವು. ತೊಳೆದರೆ ಕಂಪನಿಯ ಗುರುತೂ ಕಾಣುತ್ತಿತ್ತು.

ನಮ್ಮ ಜಿಲ್ಲೆಯ ವಿಚಿತ್ರ ನೋಡಿ. ದೇವದುರ್ಗ, ಮಾನ್ವಿ, ರಾಯಚೂರು ಸುತ್ತ ಎಲ್ಲಿ ನೋಡಿದರೂ ಹತ್ತಿ. ಸೀಸನ್ನಿನಲ್ಲಿ ರಾಯಚೂರಿನ ಮಾರುಕಟ್ಟೆ ಮುಂದೆ ಹತ್ತಿ ಗಾಡಿಗಳ ಸಾಲು. ಇಲ್ಲಿ ಕೂತವರಲ್ಲಿ ಅರ್ಧ ಜನ ಹತ್ತಿ ಬಿಡಿಸಿದವರೇ ಇರುತ್ತೀರಿ, ಕಾಯಿಯ ತುದಿ ಚುಚ್ಚಿ ಬೆರಳು ಹರಿದುಕೊಂಡವರು. ಆ ಕೂಲಿ ದುಡ್ಡಲ್ಲೇ ಅಂಗಡಿಗೆ ಹೋಗಿ ಮರದ ತಿರುಳು ಮತ್ತು ಪ್ಲಾಸ್ಟಿಕ್ ಕೊಂಡು ತರುತ್ತೇವೆ. ಅಂಗಡಿಯವನು ಅದನ್ನು ಪೇಪರಿನಲ್ಲಿ ಸುತ್ತಿ, ಕಪ್ಪು ಕವರಿನಲ್ಲಿ ಹಾಕಿ, ಕದ್ದ ಮಾಲಿನ ಹಾಗೆ ಕೊಡುತ್ತಾನೆ. ಅದೂ ಇನ್ನೊಂದು ಪ್ಲಾಸ್ಟಿಕ್!

ಹಾಗಂತ ಬಟ್ಟೆಗೆ ವಾಪಸ್ ಹೋಗಿ ಅಂತ ಒಂದೇ ಮಾತಿನಲ್ಲಿ ಹೇಳಿ ಕೂರುವುದಿಲ್ಲ. ನಮ್ಮ ಅಜ್ಜಿ ಬಟ್ಟೆಯನ್ನೇ ಬಳಸುತ್ತಿದ್ದಳು. ಹರಿದ ಸೀರೆಯಲ್ಲಿ ಗಟ್ಟಿ ಇದ್ದ ಭಾಗ ಕೌದಿಗೆ, ಸವೆದು ಮೆತ್ತಗಾದ ಭಾಗ ಇದಕ್ಕೆ. ಸವೆದದ್ದು ಮೈಗೆ ಒರಟಾಗುವುದಿಲ್ಲ, ಚೆನ್ನಾಗಿ ಹೀರುತ್ತದೆ. ಅಜ್ಜಿಯ ಲೆಕ್ಕ ತಪ್ಪಿರಲಿಲ್ಲ. ತಪ್ಪಿದ್ದು ಒಣಗಿಸುವ ಜಾಗ. ಒಗೆದ ಬಟ್ಟೆಯನ್ನು ದನದ ಕೊಟ್ಟಿಗೆಯ ಹಿಂದೆ, ಕಟ್ಟಿಗೆ ಒಟ್ಟಿದ ಸಂದಿಯಲ್ಲಿ ಸಿಕ್ಕಿಸುತ್ತಿದ್ದಳು. ಗಂಡಸರ ಕಣ್ಣಿಗೆ ಬೀಳಬಾರದು. ಬಿಸಿಲು ಕಾಣದೆ ಅರೆಬರೆ ಒಣಗಿದ ಬಟ್ಟೆಯನ್ನೇ ಮತ್ತೆ ಕಟ್ಟಿಕೊಳ್ಳುವುದು. ತುರಿಕೆ, ಸೋಂಕು ಎಲ್ಲ ಹಾಗೆ ಬರುತ್ತಿದ್ದವು. ಬೈಗುಳ ಮಾತ್ರ ಬಟ್ಟೆಗೆ.

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15ರಿಂದ 24 ವರ್ಷದವರನ್ನು ಏನು ಬಳಸುತ್ತೀರಿ ಅಂತ ಕೇಳಿದ್ದರು. ದೇಶದಲ್ಲಿ ನೂರಕ್ಕೆ 64 ಜನ ಪ್ಯಾಡ್ ಅಂದರು, 50 ಜನ ಬಟ್ಟೆ ಅಂದರು. ಕೂಡಿಸಿದರೆ ನೂರು ದಾಟುತ್ತದಲ್ಲ ಅಂತ ಕೇಳಬೇಡಿ. ಎರಡೂ ಬಳಸುವವರಿದ್ದಾರೆ. ಕಾಲೇಜಿಗೆ ಹೋಗುವಾಗ ಪ್ಯಾಡ್, ಮನೆಯಲ್ಲಿ ಬಟ್ಟೆ. ನನಗೆ ಅದರಲ್ಲಿ ಇನ್ನೊಂದು ವಿಷಯ ಕಣ್ಣಿಗೆ ಬಿತ್ತು. ಆ ಸಮೀಕ್ಷೆಯ ‘ಶುಚಿಯಾದ ವಿಧಾನ’ಗಳ ಪಟ್ಟಿಯಲ್ಲಿ ಬಟ್ಟೆ ಇಲ್ಲ. ಸೋಪು ಹಾಕಿ ಒಗೆದು ಬಿಸಿಲಲ್ಲಿ ಗರಿಗರಿ ಒಣಗಿಸಿದ ಬಟ್ಟೆಗೂ, ಸಂದಿಯಲ್ಲಿ ತುರುಕಿದ ಬಟ್ಟೆಗೂ ಅಲ್ಲಿ ವ್ಯತ್ಯಾಸ ಇಲ್ಲ. ಹತ್ತು ತಾಸು ಬದಲಿಸದ ಪ್ಯಾಡ್ ಮಾತ್ರ ಆ ಪಟ್ಟಿಯಲ್ಲಿ ಶುಚಿಯೇ.

ಅದಕ್ಕೇ ನಾನು ಕೇಳುವ ಪ್ರಶ್ನೆ ಬೇರೆ. ಯಾವುದು ಪರಿಸರಕ್ಕೆ ಒಳ್ಳೆಯದು ಅಂತ ಶುರು ಮಾಡುವುದಿಲ್ಲ. ನಿಮ್ಮ ಮನೆಗೆ ನೀರು ಎಷ್ಟು ದಿನಕ್ಕೊಮ್ಮೆ ಬರುತ್ತದೆ? ಬಚ್ಚಲಿಗೆ ಬಾಗಿಲು ಇದೆಯಾ? ಬಿಸಿಲು ಬೀಳುವ ಕಡೆ ನಿಮ್ಮದು ಅಂತ ಒಂದು ಹಗ್ಗ ಇದೆಯಾ? ಕಸದ ಗಾಡಿ ಬರುತ್ತಾ? ಈ ನಾಲ್ಕಕ್ಕೆ ಉತ್ತರ ಸಿಕ್ಕ ಮೇಲೆ ಯಾವುದು ಆರಿಸಬೇಕು ಅನ್ನುವುದು ಅರ್ಧ ಮುಗಿದ ಹಾಗೆ.

ಬಿಸಿಲಿಗೇನು, ಇಡೀ ನಾಡಿಗೆ ಹಂಚುವಷ್ಟಿದೆ ನಮ್ಮಲ್ಲಿ. ನಮಗೆ ಇರುವುದು ಎರಡೇ ಕಾಲ, ಬೇಸಿಗೆ ಮತ್ತು ಕಡು ಬೇಸಿಗೆ ಅಂತ ನಾವೇ ತಮಾಷೆ ಮಾಡುತ್ತೇವೆ. ಈ ಮೇ ತಿಂಗಳಲ್ಲಿ ಮಾಳಿಗೆ ಮೇಲೆ ಹಾಕಿದ ಬಟ್ಟೆ ಊಟ ಮುಗಿಯುವಷ್ಟರಲ್ಲಿ ಒಣಗಿರುತ್ತದೆ. ಮಲೆನಾಡಿನವರಿಗೆ ಮಳೆಗಾಲದಲ್ಲಿ ಈ ಭಾಗ್ಯ ಇಲ್ಲ. ಆದರೆ ನಮ್ಮ ಹುಡುಗಿಯರು ಏನು ಮಾಡುತ್ತಾರೆ? ಬಟ್ಟೆ ಮೇಲೆ ಟವೆಲ್, ಟವೆಲ್ ಮೇಲೆ ಲಂಗ. ಒಂದು ಹಾಸ್ಟೆಲಿನಲ್ಲಿ, ಹೆಸರು ಬೇಡ, ಮಾಳಿಗೆಯ ಬಾಗಿಲಿಗೇ ಬೀಗ ಹಾಕಿದ್ದರು. ಹುಡುಗಿಯರು ಮೇಲೆ ಹೋದರೆ ಎದುರು ಮನೆಯವರಿಗೆ ಕಾಣುತ್ತಾರಂತೆ. ಅಲ್ಲಿ 110 ಹುಡುಗಿಯರು. ತಲೆಗೆ ಹನ್ನೆರಡು ಅಂದರೂ ತಿಂಗಳಿಗೆ 1,320 ಪ್ಯಾಡ್. ಎಲ್ಲಿ ಹಾಕಬೇಕು ಅಂತ ಯಾರೂ ಹೇಳಿರಲಿಲ್ಲ. ವರ್ಷಕ್ಕೆ ಎರಡು ಸಲ ಪಾಯಿಖಾನೆಯ ಪೈಪು ಕಟ್ಟಿಕೊಳ್ಳುತ್ತಿತ್ತು. ಲೋಟದಲ್ಲಿ ಉಬ್ಬಿದ್ದನ್ನು ಈಗ ನೋಡಿದಿರಲ್ಲ, ಪೈಪಿನಲ್ಲೂ ಅದೇ ಆಗುವುದು. ಬೀಗ ತೆಗೆಸಲು ನಾವು ನಾಲ್ಕು ಜನ ಶಿಕ್ಷಕಿಯರು ಒಂದು ವರ್ಷ ಓಡಾಡಿದೆವು. ಬೀಗ ತೆಗೆದ ಮೇಲೆ ಎದುರು ಮನೆಯವರು ನೋಡಿದ್ದು ಏನು? ಹಗ್ಗ.

ಈಗ ಒಂದೊಂದಾಗಿ ನೋಡೋಣ. ಬಟ್ಟೆ ಪ್ಯಾಡ್ ಅಂದರೆ ಅಜ್ಜಿಯ ಬಟ್ಟೆಗೇ ರೆಕ್ಕೆ ಮತ್ತು ಗುಂಡಿ ಹಚ್ಚಿದ್ದು. ಜಾರುವುದಿಲ್ಲ. ಪುದುಚೇರಿ ಹತ್ತಿರದ ಆರೋವಿಲ್ಲಿನ ಇಕೋ ಫೆಮ್ ಅನ್ನುವ ಸಂಸ್ಥೆ 2010ರಿಂದ ಇದನ್ನು ಮಾಡುತ್ತಿದೆ. ಗೂಂಜ್ ಸಂಸ್ಥೆ ಹಳೆಯ ಹತ್ತಿ ಬಟ್ಟೆಯಿಂದ ಮಾಡಿ ಹಳ್ಳಿಗಳಿಗೆ ಕೊಡುತ್ತದೆ. ತೊಳೆದು ಬಳಸುವ ಪ್ಯಾಡ್ ಹೇಗಿರಬೇಕು ಅಂತ ನಮ್ಮ ಸರ್ಕಾರದ ಮಾನಕವೂ ಇದೆ, ಐಎಸ್ 17514, 2021ರದ್ದು. ಅಂಗಡಿಯಲ್ಲಿ ಒಂದಕ್ಕೆ ನೂರು ನೂರೈವತ್ತು ಕೇಳುತ್ತಾರೆ. ಆರು ಬೇಕಾಗುತ್ತವೆ, ಸರಿಯಾಗಿ ನೋಡಿಕೊಂಡರೆ ಎರಡು ಮೂರು ವರ್ಷ ಬರುತ್ತವೆ. ಕೌದಿ ಹೊಲಿದ ಕೈಗೆ ಇದು ಯಾವ ಲೆಕ್ಕ? ಒಳಗೆ ಮೂರು ನಾಲ್ಕು ಪದರ ಹಳೆಯ ಪಂಚೆ, ಮೈಗೆ ತಾಗುವ ಕಡೆ ಮೆತ್ತನೆಯ ಹತ್ತಿ, ರೆಕ್ಕೆಗೆ ಟಿಚ್ ಗುಂಡಿ. ಪಾಲಿಯೆಸ್ಟರ್ ಸೀರೆ ಮಾತ್ರ ಬೇಡ. ಹೀರುವುದೇ ಇಲ್ಲ, ಸುಮ್ನೆ ಬೆವರುತ್ತದೆ.

ಒಗೆಯುವಾಗ ನಮ್ಮ ಹೆಣ್ಣುಮಕ್ಕಳು ಮಾಡುವ ತಪ್ಪು ಬಿಸಿನೀರು. ಬಿಸಿನೀರಿಗೆ ರಕ್ತದ ಕಲೆ ಗಟ್ಟಿಯಾಗಿ ಕೂತುಬಿಡುತ್ತದೆ, ಮೊಟ್ಟೆ ಬೆಂದ ಹಾಗೆ. ಮೊದಲು ತಣ್ಣೀರಲ್ಲಿ ನೆನೆಸಿ, ಹಿಂಡಿ, ಆಮೇಲೆ ಸೋಪು. ಬಟ್ಟೆ ಮೆತ್ತಗೆ ಮಾಡುವ ಕಂಫರ್ಟಿನಂಥ ದ್ರಾವಣ ಹಾಕಬೇಡಿ, ಎಳೆಗೆ ಮೆತ್ತಿಕೊಂಡು ಹೀರುವುದನ್ನು ಕಡಿಮೆ ಮಾಡುತ್ತದೆ. ನಮ್ಮ ಬೋರಿನ ಗಡಸು ನೀರಿಗೆ ಬಟ್ಟೆ ಹಪ್ಪಳದ ಹಾಗೆ ಬಿರುಸಾಗುತ್ತದೆ. ಒಣಗಿದ ಮೇಲೆ ಎರಡೂ ಕೈಯಲ್ಲಿ ತಿಕ್ಕಿ ಮಡಚಿಡಿ. ನೀರು ಎಂಟು ದಿನಕ್ಕೊಮ್ಮೆ ಬರುವ ಓಣಿಯವರಿಗೆ ಇದು ಕಷ್ಟ, ಒಪ್ಪುತ್ತೇನೆ. ಕೊಡ ಹೊತ್ತು ತರುವವಳೂ ಅವಳೇ, ಒಗೆಯುವವಳೂ ಅವಳೇ. ಪ್ಯಾಡ್ ಬಿಡು, ಬಟ್ಟೆ ಒಗೆ ಅಂತ ಅವಳಿಗೆ ಹೇಳಿ ಹೋಗುವವರು ಎರಡು ಕೊಡ ತಂದುಕೊಟ್ಟು ಹೋಗಲಿ.

ಇನ್ನು ಮುಟ್ಟಿನ ಕಪ್, ಯೋನಿಯೊಳಗೆ ಇಟ್ಟುಕೊಳ್ಳುವ ಪುಟ್ಟ ಬಟ್ಟಲು. ಇದೋ, ಇಷ್ಟೇ. ಮಡಚಿದರೆ ಹೆಬ್ಬೆರಳಿನಷ್ಟು. ಹೊಸ ಫ್ಯಾಷನ್ ಅಂದುಕೊಂಡಿದ್ದರೆ ಕೇಳಿ, ಅಮೆರಿಕದ ಲಿಯೋನಾ ಚಾಮರ್ಸ್ ಎಂಬಾಕೆ ಇದಕ್ಕೆ ಪೇಟೆಂಟ್ ತೆಗೆದುಕೊಂಡದ್ದು 1937ರಲ್ಲಿ. ಆಗ ರಬ್ಬರಿನದಿತ್ತು, ಈಗ ಹೆಚ್ಚಾಗಿ ವೈದ್ಯಕೀಯ ಸಿಲಿಕೋನಿನದು. ಇದು ಹೀರುವುದಿಲ್ಲ, ಹಿಡಿದಿಡುತ್ತದೆ. 20ರಿಂದ 30 ಮಿಲಿ ಹಿಡಿಯುತ್ತದೆ. ಕಂಪನಿ ಹೇಳಿದಷ್ಟು ತಾಸಿಗೆ, ಸಾಮಾನ್ಯವಾಗಿ ಎಂಟರಿಂದ ಹನ್ನೆರಡು, ತೆಗೆದು ಚೆಲ್ಲಿ ತೊಳೆದು ಮತ್ತೆ ಹಾಕಿಕೊಳ್ಳುವುದು. ಮುಟ್ಟು ಶುರುವಾಗುವ ಮೊದಲು ಮತ್ತು ಮುಗಿದ ಮೇಲೆ ಕುದಿಸಬೇಕು. ಕುದಿಸಲು ಬೋರಿನ ನೀರು ಬೇಡ, ಬಿಳಿ ಪದರ ಕಟ್ಟುತ್ತದೆ. ಊರಿನ ಘಟಕದಲ್ಲಿ ನಾಣ್ಯ ಹಾಕಿ ತರುತ್ತೀರಲ್ಲ, ಆ ಫಿಲ್ಟರ್ ನೀರು ಒಂದು ಲೋಟ ಸಾಕು. ನೋಡಿಕೊಂಡರೆ ಹತ್ತು ವರ್ಷದವರೆಗೂ ಬರುತ್ತದೆ. ತೊಳೆದು ಬಳಸುವವುಗಳಲ್ಲಿ ನೀರಿನ ಲೆಕ್ಕಕ್ಕೆ ಇದಕ್ಕಿಂತ ಅಗ್ಗದ್ದು ಇಲ್ಲ. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮ 2021ರಲ್ಲಿ ಈ ಎಲ್ಲ ವಸ್ತುಗಳನ್ನೂ ಹುಟ್ಟಿನಿಂದ ಕೊನೆಯವರೆಗೆ ತೂಗಿ ನೋಡಿ, ಪರಿಸರಕ್ಕೆ ಕಡಿಮೆ ಹೊರೆ ಕಪ್ಪಿನದೇ ಅಂದಿತು. ಬಟ್ಟೆ ಪ್ಯಾಡಿನ ಹೊರೆ ಒಗೆಯುವ ನೀರು, ಕರೆಂಟಿನ ಮೇಲೆ ನಿಂತಿದೆ. ನಮ್ಮಲ್ಲಿ ಒಣಗಿಸಲು ಕರೆಂಟು ಯಾರು ಸುಡುತ್ತಾರೆ ಬಿಡಿ.

ದುಡ್ಡಿನ ಮಾತು. ಪ್ಯಾಡಿಗೆ ಆರು ರೂಪಾಯಿ ಹಿಡಿದರೆ ವರ್ಷಕ್ಕೆ 864. ಕಪ್ಪಿಗೆ ಒಂದು ಸಲ ನಾನೂರು. ಅರ್ಧ ವರ್ಷದಲ್ಲಿ ಅಸಲು ಬಂತು.

ಸಿಂಧನೂರು, ಗಂಗಾವತಿ ಕಡೆ ಭತ್ತ ನಾಟಿಗೆ ಹೋಗುವವರು ಇದನ್ನು ಗಮನವಿಟ್ಟು ಕೇಳಿ. ಮೊಣಕಾಲುದ್ದ ಕೆಸರಲ್ಲಿ ಬಗ್ಗಿ ನಿಂತರೆ ಬಟ್ಟೆಯೂ ಪ್ಯಾಡೂ ನೆನೆದು ತೊಡೆ ಉಜ್ಜಿ ಗಾಯ ಆಗುತ್ತದೆ. ಸಂಜೆ ಕೊಬ್ಬರಿ ಎಣ್ಣೆ ಹಚ್ಚಿಕೊಂಡು ಮಲಗುತ್ತೀರಿ. ನನಗೆ ಗೊತ್ತಿರುವ ಒಬ್ಬಾಕೆ ನಾಟಿಯ ಸೀಸನ್ನಿಗೆ ಮಾತ್ರ ಕಪ್ ಶುರು ಮಾಡಿದಳು. ಮೊದಲ ತಿಂಗಳು ‘ಯಕ್ಕಾ, ಇದು ನನ್ನ ಕೈಲಿ ಆಗಂಗಿಲ್ಲ, ತಗೊಂಡು ಹೋಗು’ ಅಂದಳು. ಎರಡನೇ ತಿಂಗಳು ಫೋನು ಮಾಡಲಿಲ್ಲ. ಮೂರನೇ ತಿಂಗಳು ಫೋನು ಬಂತು, ‘ನಮ್ಮ ನೆಗೆಣ್ಣಿಗೂ ಒಂದು ಬೇಕ್ರಿ’. ಅವಳೊಬ್ಬಳ ಕತೆ ಅಲ್ಲ ಇದು. 2019ರಲ್ಲಿ ಲ್ಯಾನ್ಸೆಟ್ ಪಬ್ಲಿಕ್ ಹೆಲ್ತ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ 43 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದ ವರದಿ ಬಂತು. ರೂಢಿಯಾಗಲು ಕೆಲವು ತಿಂಗಳು ಬೇಕು, ರೂಢಿಯಾದವರಲ್ಲಿ ನೂರಕ್ಕೆ ಎಪ್ಪತ್ತರಷ್ಟು ಜನ ಮುಂದುವರಿಸುತ್ತೇವೆ ಅಂದಿದ್ದರು. ಕೇರಳದ ಎರ್ನಾಕುಲಂ ಜಿಲ್ಲೆಯಲ್ಲಿ ಕುಂಬಳಂಗಿ ಅಂತ ಊರಿದೆ, ಸುತ್ತ ಹಿನ್ನೀರು. ಅಲ್ಲಿ ಕಪ್ ಹಂಚಿ, ಹೇಳಿಕೊಟ್ಟು, 2022ರ ಜನವರಿಯಲ್ಲಿ ಪ್ಯಾಡ್ ಮುಕ್ತ ಪಂಚಾಯಿತಿ ಅಂತ ಘೋಷಿಸಿದರು. ನಮ್ಮ ರಾಜ್ಯದಲ್ಲೂ 2023ರಲ್ಲಿ ‘ನನ್ನ ಮೈತ್ರಿ’ ಅಂತ ಕಪ್ ಯೋಜನೆ ದಕ್ಷಿಣ ಕನ್ನಡ, ಚಾಮರಾಜನಗರದಲ್ಲಿ ಶುರುವಾಯಿತು. ನಮ್ಮ ಕಡೆ ಅದು ಎಲ್ಲಿಯವರೆಗೆ ಬಂತು ಅಂತ ನೀವು ಕೇಳಬೇಕು, ನಾನೊಬ್ಬಳೇ ಕೇಳಿ ಸಾಕಾಗಿದೆ.

ತಾಯಂದಿರ ಮುಖ ನೋಡಿದರೆ ಗೊತ್ತಾಗುತ್ತಿದೆ, ಮದುವೆ ಆಗದ ಹುಡುಗಿಗೆ ಇದು ಸರಿಯಾ ಅಂತ. ಕನ್ಯಾಪೊರೆ ಅನ್ನುವುದು ಮುಚ್ಚಿದ ಬಾಗಿಲಲ್ಲ. ಮುಚ್ಚಿದ್ದರೆ ಮುಟ್ಟಿನ ರಕ್ತ ಹೊರಗೆ ಬರುವುದು ಹೇಗೆ? ಅದು ಹಿಗ್ಗುವ ಪದರ. ಅದನ್ನು ನೋಡಿ ಹುಡುಗಿಯ ನಡತೆ ಹೇಳುವ ವಿಜ್ಞಾನ ಇಲ್ಲ. ಆದರೂ ಹುಡುಗಿಗೆ ಅಂಜಿಕೆ ಇದ್ದರೆ ಒತ್ತಾಯ ಬೇಡ, ಬಟ್ಟೆ ಪ್ಯಾಡ್ ಇದೆ. ಕಾಪರ್-ಟಿ ಹಾಕಿಸಿಕೊಂಡವರು ಮಾತ್ರ ಡಾಕ್ಟರನ್ನು ಕೇಳದೆ ಕಪ್ ಬಳಸಬೇಡಿ. ಎಳೆಯುವಾಗ ಅದು ಜರುಗುವ ಅಪಾಯ ಇದೆ.

ಪ್ಯಾಡ್ ಬಳಸುವವರನ್ನು ಬೈಯಲು ನಾನು ಬಂದಿಲ್ಲ. ಗುಳೆ ಹೋಗಿ ಬೆಂಗಳೂರಿನ ಕಟ್ಟಡದ ಕೆಳಗೆ ತಗಡಿನ ಶೆಡ್ಡಿನಲ್ಲಿ ಇರುವವಳಿಗೆ ಬಚ್ಚಲೂ ಇಲ್ಲ, ಹಗ್ಗವೂ ಇಲ್ಲ. ಅವಳಿಗೆ ಪ್ಯಾಡೇ ಸರಿ. ಕೈಗೆ ಸಿಗುವ ಅಗ್ಗದ್ದು ಜನೌಷಧಿ ಕೇಂದ್ರದ ಸುವಿಧಾ, 2019ರಿಂದ ಒಂದಕ್ಕೆ ಒಂದು ರೂಪಾಯಿ. ಅದರ ಮೇಲೆ ‘ಆಕ್ಸೋ ಬಯೋಡಿಗ್ರೇಡೆಬಲ್’ ಅಂತ ಬರೆದಿರುತ್ತಾರೆ. ಪ್ಲಾಸ್ಟಿಕ್ಕಿಗೆ ಒಂದು ಪುಡಿ ಬೆರೆಸಿ ಬೇಗ ಚೂರಾಗುವಂತೆ ಮಾಡುವುದು ಅಂತ ಅದರ ಅರ್ಥ. ಚೂರಾಗುವುದು ಬೇರೆ, ಮಣ್ಣಾಗುವುದು ಬೇರೆ. ಇಂಥ ಪ್ಲಾಸ್ಟಿಕ್ಕಿನ ವಸ್ತುಗಳನ್ನು ಐರೋಪ್ಯ ಒಕ್ಕೂಟ 2021ರಲ್ಲಿ ಮಾರುಕಟ್ಟೆಗೆ ಬಿಡದಂತೆ ತಡೆದಿದೆ. ಒಂದು ರೂಪಾಯಿಗೆ ಸಿಗುತ್ತದೆ ಅನ್ನುವುದು ದೊಡ್ಡ ವಿಷಯ, ಕೊಳ್ಳಿ. ಮಣ್ಣಾಗುತ್ತದೆ ಅಂತ ಹೊಲದಲ್ಲಿ ಎಸೆಯಬೇಡಿ. ಬಾಳೆ ನಾರಿನ ಪ್ಯಾಡ್ ಅಹಮದಾಬಾದಿನ ಸಾಥಿ ಅನ್ನುವ ಕಂಪನಿ ಮಾಡುತ್ತದೆ, ಅಂಥವು ನಿಜಕ್ಕೂ ಬೇರೆ. ಅವಕ್ಕೂ ತೇವ, ಗಾಳಿ, ಗೊಬ್ಬರದ ಗುಂಡಿ ಬೇಕು. ಪ್ಲಾಸ್ಟಿಕ್ ಕವರಿನಲ್ಲಿ ಗಂಟು ಕಟ್ಟಿ ಎಸೆದರೆ ಬಾಳೆ ನಾರಾದರೇನು, ಇನ್ನೊಂದಾದರೇನು. ಆದ್ದರಿಂದ ಪಾಕೀಟಿನ ಮೇಲೆ ಹಸಿರು ಎಲೆ ಕಂಡರೆ ‘ಎಲ್ಲಿ ಹಾಕಿದರೆ ಕರಗುತ್ತದೆ?’ ಅಂತ ಕೇಳಿ.

ಸುಡುವುದರ ಬಗ್ಗೆ ಒಂದು ಮಾತು. ನೀರೊಲೆಗೆ ಹಾಕಿಬಿಡುತ್ತೇವೆ ಮೇಡಂ ಅಂತ ಬಹಳ ಜನ ಹೇಳುತ್ತೀರಿ. ಒಲೆಯ ಕಡಿಮೆ ಬೆಂಕಿಯಲ್ಲಿ ಪ್ಲಾಸ್ಟಿಕ್ ಅರ್ಧ ಸುಟ್ಟು ಡಯಾಕ್ಸಿನ್‌ನಂಥ ವಿಷದ ಹೊಗೆ ಬರುತ್ತದೆ. ಸರಿಯಾಗಿ ಸುಡಲು 800 ಡಿಗ್ರಿ ಮೇಲೆ ಬೇಕು. ಆ ಹೊಗೆ ಕುಡಿಯುವುದು ಸ್ನಾನಕ್ಕೆ ನೀರು ಕಾಯಿಸುತ್ತಾ ಕೂತ ನೀವೇ. ಹಾಗಾದರೆ ಏನು ಮಾಡೋಣ? 2016ರ ಘನತ್ಯಾಜ್ಯ ನಿಯಮದಲ್ಲಿ ಪ್ಯಾಡನ್ನು ಬೇರೆಯಾಗಿ ಸುತ್ತಿ ಕೊಡಬೇಕು, ಸುತ್ತಲು ಚೀಲವನ್ನು ಕಂಪನಿಯೇ ಕೊಡಬೇಕು ಅಂತ ಬರೆದಿದ್ದರು. ಪುಣೆಯಲ್ಲಿ ಪೇಪರಿನಲ್ಲಿ ಸುತ್ತಿ ಮೇಲೆ ಕೆಂಪು ಚುಕ್ಕೆ ಇಡುವ ರೂಢಿ ಬೆಳೆಸಿದರು. ಚುಕ್ಕೆ ಕಂಡರೆ ಬಿಚ್ಚಬಾರದು ಅಂತ ಕಸ ಆರಿಸುವವರಿಗೆ ಗೊತ್ತಾಗುತ್ತದೆ. ಲಿಪ್‌ಸ್ಟಿಕ್ಕಿನಲ್ಲಿ ಇಟ್ಟರೂ ಆಯಿತು. ಪೌರಕಾರ್ಮಿಕ ಹೆಣ್ಣುಮಗಳೊಬ್ಬಳು ನನಗೆ ಹೇಳಿದ್ದಳು, ‘ಮೇಡಮ್ಮರ, ನಮ್ಮ ಮುಟ್ಟು ನಾವ್ ತೊಳಕೋತೀವಿ, ಊರ ಮುಟ್ಟು ನಮ್ ಕೈಗೆ ಯಾಕ?’ ಅವಳಿಗೆ ಕೈಗವಸು ಕೊಟ್ಟಿರಲಿಲ್ಲ. ನಾನು ಪ್ಯಾಡ್ ಬಿಟ್ಟದ್ದು ಆ ದಿನ, ಯಾವ ಪುಸ್ತಕ ಓದಿಯೂ ಅಲ್ಲ.

ಇಲ್ಲೊಂದು ಅಡ್ಡ ಮಾತು. ಹನ್ನೆರಡನೇ ಶತಮಾನದ ಶರಣರು ಐದು ಸೂತಕ ಇಲ್ಲ ಅಂದರಲ್ಲ, ಅದರಲ್ಲಿ ಮುಟ್ಟಿನ ಸೂತಕವೂ ಒಂದು. ನಮ್ಮ ಸೀಮೆಯಲ್ಲಿ ಬಸವ ಜಯಂತಿಗೆ ಮೆರವಣಿಗೆ ಜೋರು. ಮನೆಯೊಳಗೆ ಮಾತ್ರ ಮುಟ್ಟಾದವಳು ಇನ್ನೂ ‘ಕಡಿಗಿ ಕುಂತಾಳ’, ಹೊರಗೆ ಕೂತಿದ್ದಾಳೆ.

ಪ್ರಶ್ನೆಗಳು ಬರೀ ಚೀಟಿಯಲ್ಲಿ ಬಂದಿವೆ, ಯಾರೂ ಎದ್ದು ನಿಂತಿಲ್ಲ. ಇರಲಿ. ಪ್ಯಾಂಟಿಯೇ ಪ್ಯಾಡ್ ಆಗಿರುವುದು ಬಂದಿದೆಯಂತಲ್ಲ ಅಂತ ಒಂದು ಚೀಟಿ. ಬಂದಿದೆ, ಬೆಲೆ ಜಾಸ್ತಿ, ಒಗೆಯುವ ಕೆಲಸ ಬಟ್ಟೆಯಷ್ಟೇ. ಮುಟ್ಟು ಏರುಪೇರು ಇರುವ ಹುಡುಗಿಯರಿಗೆ ಅನುಕೂಲ. ಎರಡು ಥರ ಒಟ್ಟಿಗೆ ಬಳಸಬಹುದಾ ಅಂತ ಇನ್ನೊಂದು. ಬಳಸಿ. ಬಸ್ಸಿನಲ್ಲಿ ದೂರ ಹೋಗುವ ದಿನ ಪ್ಯಾಡ್, ಮನೆಯಲ್ಲಿ ಬಟ್ಟೆ ಅಂದರೆ ತಿಂಗಳಿಗೆ ಹನ್ನೆರಡು ಇದ್ದದ್ದು ನಾಲ್ಕಾಗುತ್ತದೆ. ನನ್ನ ಲೆಕ್ಕದಲ್ಲಿ ಅದು ಸಣ್ಣದಲ್ಲ.

ಕೊನೆಯ ಚೀಟಿಯಲ್ಲಿ ಪ್ರಶ್ನೆಯೇ ಇಲ್ಲ. ‘ನಮ್ಮ ಅತ್ತಿ ಅಂಗಳದಾಗ ಒಣಗ್ಸಾಕ ಬಿಡಂಗಿಲ್ಲ’ ಅಂತಷ್ಟೇ ಬರೆದಿದೆ. ಯಾರು ಬರೆದದ್ದು ಅಂತ ಕೇಳುವುದಿಲ್ಲ. ಅತ್ತೆಯೂ ಇಲ್ಲೇ ಎಲ್ಲೋ ಕೂತಿರಬಹುದು. ಆ ಮೇಜಿನ ಮೇಲೆ ಕತ್ತರಿ, ಹಳೆಯ ಪಂಚೆ, ಟಿಚ್ ಗುಂಡಿ ಇಟ್ಟಿದ್ದೇನೆ, ಪಕ್ಕದಲ್ಲಿ ಹತ್ತು ಮೊಳ ನೈಲಾನ್ ಹಗ್ಗವೂ ಇದೆ. ಚಹಾ ಕುಡಿದು ಬನ್ನಿ, ಅತ್ತೆಯಂದಿರು ಮೊದಲು.